ಎರಡನೇ ಕೋಡ್

ಮಾರ್ಚ್ 5, ಭಾನುವಾರ

ಈ ನೋಟ್‌ಬುಕ್ ದಿನಚರಿಗೆಂದು ತಂದದ್ದಲ್ಲ. ಅಲಾರಂ ಹಾಕಲು ಬಂದವನು ಹೋಗುವಾಗ, ಯಾವತ್ತು ಪರೀಕ್ಷೆ ಮಾಡಿದಿರಿ, ಯಾವತ್ತು ಬ್ಯಾಟರಿ ಬದಲಾಯಿಸಿದಿರಿ ಎಂದು ಒಂದು ಕಡೆ ಬರೆದಿಡಿ ಎಂದ. ಬರೆಯಲು ಕೂತರೆ ನನ್ನ ಕೈ ಅಷ್ಟಕ್ಕೇ ನಿಲ್ಲುವುದಿಲ್ಲ. ನಿಲ್ಲದಿದ್ದರೆ ಬೇಡ. ಓದುವವರು ಯಾರಿದ್ದಾರೆ?

ಕಳ್ಳತನವಾಗಿ ಇಂದಿಗೆ ಹನ್ನೆರಡು ದಿನ. ಹಾಡಹಗಲು. ನಾನು ಕನ್ನಡಕದ ಅಂಗಡಿಯಲ್ಲಿ ಯಾರದ್ದೋ ಫ್ರೇಮಿಗೆ ಗಾಜು ಕೂರಿಸುತ್ತಿದ್ದೆ. ತಂಗಿ ಹಲ್ಲು ಕೀಳಿಸಲು ಡಾಕ್ಟರ ಬಳಿ ಹೋಗಿದ್ದಳು. ಅವಳು ಬರುವಷ್ಟರಲ್ಲಿ ಅಮ್ಮನ ಸರ, ಅಪ್ಪನ ಕೈಗಡಿಯಾರ, ಒಂದು ರೇಡಿಯೋ ಮಾಯ. ಬೀಗ ಮಾತ್ರ ಹಾಕಿದ ಹಾಗೇ ಇತ್ತು. ಕಾನ್‌ಸ್ಟೇಬಲ್ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, "ಒಡೆದಿಲ್ಲಮ್ಮ. ಗೊತ್ತಿರೋರದ್ದೇ ಕೆಲಸ" ಎಂದು ಹೇಳಿ ನಮ್ಮ ಮನೆಯ ಚಹಾ ಕುಡಿದು ಹೋದ. ಚಹಾ ಅವನ ಹೊಟ್ಟೆ ಸೇರಿತು, ಮಾತು ನನ್ನ ತಲೆ ಸೇರಿತು.

ಅಲಾರಂ ಎಂದರೆ ಇಷ್ಟು. ಮುಂಬಾಗಿಲು, ಹಿಂಬಾಗಿಲು, ನಾಲ್ಕು ಕಿಟಕಿಗಳಿಗೆ ಬೆರಳುದ್ದದ ಒಂದೊಂದು ಸೆನ್ಸರ್. ನಡುಮನೆಯ ಮೂಲೆಯಲ್ಲಿ ಯಾರು ಅಲುಗಾಡಿದರೂ ಕಂಡುಹಿಡಿಯುವ ಒಂದು ಕಣ್ಣು. ಮುಂಬಾಗಿಲ ಪಕ್ಕ ಗುಂಡಿಗಳಿರುವ ಪೆಟ್ಟಿಗೆ. ಮನೆಯಲ್ಲಿ ಯಾರೂ ಇಲ್ಲದಾಗ 'ಹೊರಗೆ' ಎಂಬ ಗುಂಡಿ, ಆಗ ಎಲ್ಲವೂ ಎಚ್ಚರ. ಯಾರಾದರೂ ಇದ್ದರೆ 'ಒಳಗೆ', ಆಗ ಮೂಲೆಯ ಕಣ್ಣು ಮುಚ್ಚಿಕೊಂಡು ಬಾಗಿಲು, ಕಿಟಕಿಗಳಷ್ಟೇ ಎಚ್ಚರ. ಗುಂಡಿ ಒತ್ತಿದ ಮೇಲೆ ಹೊರಬೀಳಲು ಮೂವತ್ತು ಸೆಕೆಂಡು, ಹೊರಗಿಂದ ಬಂದವರು ಕೋಡ್ ಒತ್ತಲೂ ಅಷ್ಟೇ. ಆಮೇಲೆ ಕೋಡ್ ಒತ್ತಿ ಆರಿಸದೆ ಬಾಗಿಲು ತೆಗೆದರೆ ಸೈರನ್ ಕೂಗುತ್ತದೆ, ನನ್ನ ಫೋನಿಗೂ ಕರೆ ಬರುತ್ತದೆ. ಮೊದಲನೇ ಕೋಡ್ ನನ್ನದು. ಎರಡನೆಯದು ತಂಗಿಯದು.

ತಂಗಿ ಗೋಡೆಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದಳು. "ಅಕ್ಕಾ, ಇದು ಬರೋರನ್ನ ಹಿಡಿಯುತ್ತೋ ಹೋಗೋರನ್ನ ಹಿಡಿಯುತ್ತೋ?" ಎಂದು ಕೇಳಿದಳು. ಬಾಗಿಲಿಗೆ ಅದೆಲ್ಲ ಗೊತ್ತಾಗಲ್ಲ ಕಣೆ, ತೆಗೆದರೆ ಕೂಗುತ್ತೆ ಅಷ್ಟೇ, ಎಂದೆ. ಅಲಾರಂನವನು ನಕ್ಕ. ಅವಳು ನಗಲಿಲ್ಲ.

ಮಾರ್ಚ್ 7, ಮಂಗಳವಾರ

ನಿನ್ನೆ ಮೊದಲ ಸುಳ್ಳು ಕೂಗು. ಸಂಜೆ ನಾನು 'ಒಳಗೆ' ಒತ್ತಿ ಕೂತಿದ್ದೆ. ತರಕಾರಿ ಸಿಪ್ಪೆ ಎಸೆಯಲು ತಂಗಿ ಹಿಂಬಾಗಿಲು ತೆಗೆದಳು. ಕಿವಿ ಹರಿದುಹೋಗುವ ಸದ್ದು. ಎದುರು ಮನೆಯ ಡ್ರಾಯಿಂಗ್ ಮೇಷ್ಟ್ರು ಕೈಯಲ್ಲಿ ಬಣ್ಣದ ಬ್ರಷ್ ಹಿಡಿದುಕೊಂಡೇ ಓಡಿ ಬಂದರು. ಕಳ್ಳನ ಮೈಗೆ ಬಣ್ಣ ಹಚ್ಚಿ ಗುರುತು ಮಾಡೋಣ ಅಂತ ಬಂದೆ ಎಂದರು. ನಾವಿಬ್ಬರೂ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆವು. ತಂಗಿ ಈ ಮನೆಗೆ ಬಂದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲಿರಬೇಕು.

ಅವಳು ಬಂದದ್ದು ಡಿಸೆಂಬರಿನಲ್ಲಿ. ಹನ್ನೊಂದು ವರ್ಷ ಸಂಸಾರ ಮಾಡಿ, ಒಂದೇ ಒಂದು ಚೀಲ ಹಿಡಿದುಕೊಂಡು. "ಹೊಂದಿಕೆ ಆಗಲಿಲ್ಲ ಅಕ್ಕಾ" ಎಂದಳು. ನಾನು ಕೆದಕಲಿಲ್ಲ. ಕೆದಕುವ ಜಾತಿಯವಳಲ್ಲ ನಾನು.

ಮಾರ್ಚ್ 9, ಗುರುವಾರ

ಜೊತೆಗೆ ಕೊಟ್ಟ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಹದಿನೇಳನೇ ಪುಟದಲ್ಲಿ ಅಲಾರಂನವನು ಹೇಳದ ಒಂದು ವಿಷಯ ಸಿಕ್ಕಿತು. ಪೆಟ್ಟಿಗೆಗೆ ನೆನಪಿದೆ. ಯಾವ ಬಾಗಿಲು ಎಷ್ಟು ಹೊತ್ತಿಗೆ ತೆರೆಯಿತು, ಯಾರ ಕೋಡಿನಿಂದ ಆರಿತು, ಹಿಂದಿನ ನೂರು ಸಂಗತಿಗಳನ್ನು ಇಟ್ಟುಕೊಂಡಿರುತ್ತದೆ. ಮೂರು ಗುಂಡಿ ಒತ್ತಿದರೆ ಒಂದೊಂದೇ ಸಾಲು ತೋರಿಸುತ್ತದೆ.

ಒತ್ತಿ ನೋಡಿದೆ.

ನಾನು ದಿನಾ ಒಂಬತ್ತೂವರೆಗೆ 'ಒಳಗೆ' ಒತ್ತಿ ಅಂಗಡಿಗೆ ಹೋಗುತ್ತೇನೆ. ಇವತ್ತು 10.50ಕ್ಕೆ ಎರಡನೇ ಕೋಡಿನಿಂದ ಆರಿದೆ. 10.51ಕ್ಕೆ ಮುಂಬಾಗಿಲು. 12.35ಕ್ಕೆ ಮತ್ತೆ ಮುಂಬಾಗಿಲು. ನಿನ್ನೆಯೂ ಹಾಗೇ, ಹತ್ತು ನಿಮಿಷ ಆಚೀಚೆ.

ಊಟಕ್ಕೆ ಕೂತಾಗ, ದಿನವಿಡೀ ಏನು ಮಾಡಿದೆ ಎಂದು ಹಗುರವಾಗಿ ಕೇಳಿದೆ. "ಏನಿಲ್ಲ, ಮಲಗಿದ್ದೆ" ಎಂದಳು.

ಏನಿಲ್ಲ, ಮಲಗಿದ್ದೆ.

ಮಾರ್ಚ್ 16, ಗುರುವಾರ

ಒಂದು ವಾರದ ಲೆಕ್ಕ ಇದು. ಏಳು ದಿನದಲ್ಲಿ ಆರು ದಿನ ಹೊರಗೆ ಹೋಗಿದ್ದಾಳೆ. ಹೋಗದಿದ್ದದ್ದು ಭಾನುವಾರ, ನಾನು ಮನೆಯಲ್ಲಿದ್ದ ದಿನ.

ಮನೆಗೆ ಬಂದ ಹೊಸದರಲ್ಲಿ ಅವಳು ಒಂದು ಕೀಲಿ ಕಳೆದಿದ್ದಳು. ಎಲ್ಲಿ ಬಿತ್ತೋ ಗೊತ್ತಿಲ್ಲ ಎಂದಿದ್ದಳು. ಆಗ ನಾನು ತಲೆ ಕೆಡಿಸಿಕೊಂಡಿರಲಿಲ್ಲ, ಅಂಗಡಿ ಪಕ್ಕದಲ್ಲಿ ಇನ್ನೊಂದು ಮಾಡಿಸಿ ಕೊಟ್ಟಿದ್ದೆ. ಈಗ ಕಾನ್‌ಸ್ಟೇಬಲ್ ಮಾತಿನ ಪಕ್ಕದಲ್ಲಿ ಆ ಕೀಲಿಯನ್ನು ಇಟ್ಟು ನೋಡುತ್ತೇನೆ. ಕೀಲಿ ಬಿದ್ದದ್ದೋ, ಕೊಟ್ಟದ್ದೋ? ಕೊಟ್ಟಿದ್ದರೆ ಯಾರಿಗೆ? ಅವಳಿಗೆ ಈ ಊರಲ್ಲಿ ನಾನಲ್ಲದೆ ಇರುವವನು ಒಬ್ಬನೇ, ಅವಳ ಗಂಡ. ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರ. ಹೋಗಿ, ಮಾತಾಡಿ, ಬರಲು ಒಂದೂಮುಕ್ಕಾಲು ಗಂಟೆ ಸಾಲದು. ಅವನೇ ಅರ್ಧ ದಾರಿ ಬಂದರೆ ಸಾಕು.

ಪರೀಕ್ಷೆ: ಆರೂ ಸೆನ್ಸರ್ ಸರಿ. ಸೈರನ್ ಸರಿ. ಹಿಂಬಾಗಿಲ ಸೆನ್ಸರಿನ ಅಂಟು ಒಂದು ಬದಿ ಬಿಟ್ಟಿದೆ, ಒತ್ತಿ ಕೂರಿಸಿದೆ.

ಮಾರ್ಚ್ 20, ಸೋಮವಾರ

ಬೆಳಿಗ್ಗೆ 11.20ಕ್ಕೆ ಅಂಗಡಿಯಲ್ಲಿ ಫೋನ್ ಬಂತು, ನಡುಮನೆಯ ಕಣ್ಣು ಕೂಗಿತ್ತು. ಗಾಜನ್ನು ಹಾಗೇ ಬಿಟ್ಟು ಆಟೋ ಹಿಡಿದು ಬಂದೆ. ಮನೆಯಲ್ಲಿ ನರಪಿಳ್ಳೆ ಇಲ್ಲ. ಮೂಲೆಯ ಕಣ್ಣಿನ ಮೇಲೆ ಒಂದು ಜೇಡ ಬಲೆ ಕಟ್ಟಿಕೊಂಡು ಆಚೀಚೆ ಓಡಾಡುತ್ತಿತ್ತು. ತಂಗಿ ಮನೆ ಬಿಡುವಾಗ ಶಿಸ್ತಾಗಿ 'ಹೊರಗೆ' ಒತ್ತಿ ಹೋಗಿದ್ದಳು, ಅದಕ್ಕೇ ಆ ಕಣ್ಣು ಎಚ್ಚರವಿತ್ತು.

ಹತ್ತಿಯಿಂದ ಕಣ್ಣನ್ನು ಒರೆಸಿದೆ. ತಿಂಗಳಿಗೊಮ್ಮೆ ಒರೆಸಬೇಕಂತೆ, ಇನ್ನು ವಾರಕ್ಕೊಮ್ಮೆ ಒರೆಸುತ್ತೇನೆ.

ತಂಗಿ ಬಂದದ್ದು 12.40ಕ್ಕೆ. ನನ್ನನ್ನು ಬಾಗಿಲಲ್ಲಿ ಕಂಡವಳೇ ಕಲ್ಲಾದಳು. ಕೈಯಲ್ಲಿ ಏನೂ ಇಲ್ಲ. ಕಾಲೆಲ್ಲ ಧೂಳು. ಎಲ್ಲಿಗೆ ಹೋಗಿದ್ದೆ ಎಂದರೆ, "ಇಲ್ಲೇ" ಎಂದಳು. ಇಲ್ಲೇ ಎಂದರೆ ಎಲ್ಲಿ? "ಇಲ್ಲೇ, ಸುಮ್ನೆ ಹೋಗಿದ್ದೆ ಅಕ್ಕಾ." ಮಲಗಿದ್ದೆ ಎಂದು ದಿನಾ ಯಾಕೆ ಹೇಳಿದೆ ಎಂದು ಕೇಳಿದೆ. ನಾನು ಪೆಟ್ಟಿಗೆಯ ನೆನಪನ್ನು ಓದುತ್ತೇನೆಂದು ಅವಳಿಗೆ ಆಗ ತಿಳಿಯಿತು. ಪೆಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಅವನೂ ಹೀಗೇ..." ಎಂದು ಏನೋ ಶುರು ಮಾಡಿದಳು. ಅಷ್ಟರಲ್ಲಿ ಅಂಗಡಿ ಯಜಮಾನರ ಫೋನ್ ಬಂತು, ಗಿರಾಕಿ ಕಾಯುತ್ತಿದ್ದಾರೆ ಎಂದು. ನಾನು ಹೊರಟೆ.

ಅವನೂ ಹೀಗೇ ಎಂದರೇನು? ಅವನ ಮಾತು ಯಾಕೆ ಬಂತು? ಅಂದರೆ ಅವನು ಇದರಲ್ಲಿ ಇದ್ದಾನೆ.

ಮಾರ್ಚ್ 24, ಶುಕ್ರವಾರ

ತಲೆನೋವು ಎಂದು ಯಜಮಾನರಿಗೆ ಹೇಳಿ ಅರ್ಧ ದಿನ ರಜೆ ಹಾಕಿದೆ. ನಮ್ಮ ರಸ್ತೆಯ ತುದಿಯ ಬಸ್ ನಿಲ್ದಾಣದ ಹಿಂದೆ ಛತ್ರಿ ಬಿಡಿಸಿ ನಿಂತೆ. ಐವತ್ತೆರಡು ವಯಸ್ಸಿನ ಹೆಂಗಸು, ಕೂದಲು ನರೆತವಳು, ಹೀಗೆ ನಿಂತದ್ದನ್ನು ಯಾರಾದರೂ ಕಂಡಿದ್ದರೆ ಏನೆಂದುಕೊಳ್ಳುತ್ತಿದ್ದರೋ. ಆದರೆ ಮನೆ ಕಾಯಬೇಕಾದವಳು ನಾನು.

10.55ಕ್ಕೆ ತಂಗಿ ಹೊರಬಂದಳು. ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಅರೆಗಳಿಗೆ ನಿಂತು ಉಸಿರೆಳೆದುಕೊಂಡಳು. ಆಮೇಲೆ ನಡೆದಳು. ನಾನು ಹಿಂದೆ. ಅಂಚೆ ಕಚೇರಿ ದಾಟಿದಳು. ನೀರಿನ ಟ್ಯಾಂಕಿನ ಬಳಿ ಎಡಕ್ಕೆ ತಿರುಗಿದಳು. ನಾಲ್ಕು ರಸ್ತೆ ಸೇರುವಲ್ಲಿ ನಿಂತು, ಯಾವ ಕಡೆ ಹೋಗಲಿ ಎನ್ನುವ ಹಾಗೆ ನಾಲ್ಕೂ ಕಡೆ ನೋಡಿದಳು. ಮಕ್ಕಳ ಆಟದ ಮೈದಾನದ ಸುತ್ತ ಒಂದು ಸುತ್ತು ಹಾಕಿದಳು. ಗಿಡ ಮಾರುವ ನರ್ಸರಿಯಲ್ಲಿ ಒಂದಷ್ಟು ಹೊತ್ತು ಸಸಿಗಳನ್ನು ನೋಡಿದಳು, ಕೊಳ್ಳಲಿಲ್ಲ. ಅಲ್ಲಿನ ಹೆಂಗಸಿನೊಡನೆ ಎರಡು ಮಾತು. ಮತ್ತೆ ನಡೆದಳು. ಮನೆಗೆ ಬಂದಳು. ಅಷ್ಟೇ. ಯಾರನ್ನೂ ಕಾಣಲಿಲ್ಲ, ಯಾರಿಗೂ ಏನೂ ಕೊಡಲಿಲ್ಲ.

ನನ್ನ ಕಾಲುಗಳು ಬಾತುಕೊಂಡಿವೆ. ಕೂತು ಯೋಚಿಸಿದೆ. ಕಾರಣವಿಲ್ಲದೆ ಒಬ್ಬರು ಒಂದೂಮುಕ್ಕಾಲು ಗಂಟೆ ಬಿಸಿಲಲ್ಲಿ ಸುತ್ತುವುದಿಲ್ಲ. ಇವಳಿಗೆ ನಾನು ಹಿಂದಿರುವುದು ಗೊತ್ತಾಗಿದೆ. ಅದಕ್ಕೇ ಇವತ್ತಿನ ಭೇಟಿ ರದ್ದಾಗಿದೆ.

ಮಾರ್ಚ್ 27, ಸೋಮವಾರ

ಎರಡನೇ ಕೋಡನ್ನು ಅಳಿಸಿದೆ. ಕಷ್ಟವೇನಿಲ್ಲ, ಇಪ್ಪತ್ತೆರಡನೇ ಪುಟದಲ್ಲಿದೆ. ನನ್ನ ಕೋಡ್ ಒತ್ತಿ, ಅಳಿಸುವ ಗುಂಡಿ ಒತ್ತಿ, ಎರಡು ಒತ್ತಿದರೆ ಮುಗಿಯಿತು.

ಬೆಳಿಗ್ಗೆ ಹೇಳಬೇಕೆಂದಿದ್ದೆ, ಹೊತ್ತಾಗಿತ್ತು. ಸಂಜೆ ಬಂದು ನೆನಪು ಓದಿದೆ. 10.52, ತಪ್ಪು ಕೋಡ್. ಒಂದೇ ಸಲ. ಆಮೇಲೆ ದಿನವಿಡೀ ಒಂದು ಸಾಲೂ ಇಲ್ಲ.

ಆಗ ಹೇಳಿದೆ. ನಿನ್ನ ಮೇಲೆ ಅನುಮಾನ ಅಂತಲ್ಲ ಕಣೆ, ಕಾಲ ಸರಿಯಿಲ್ಲ, ಸ್ವಲ್ಪ ದಿನ ಹೀಗಿರಲಿ. ಬೇಕಾದ್ದೆಲ್ಲ ಒಳಗೇ ಇದೆ, ತರಕಾರಿ ನಾನು ತರುತ್ತೇನೆ, ಏನಾದರೂ ಅವಸರವಾದರೆ ನನಗೆ ಫೋನ್ ಮಾಡು. ಜಗಳವಾಡುತ್ತಾಳೆ ಎಂದುಕೊಂಡಿದ್ದೆ. "ಸರಿ ಅಕ್ಕಾ" ಎಂದಳು. ತಟ್ಟೆ ತೊಳೆದಿಟ್ಟಳು.

ತಪ್ಪಿಲ್ಲದವಳು ಇಷ್ಟು ಬೇಗ ಒಪ್ಪಿಕೊಳ್ಳುತ್ತಾಳೆಯೇ?

ಏಪ್ರಿಲ್ 1, ಶನಿವಾರ

ಐದು ದಿನದಿಂದ ನೆನಪು ಸ್ವಚ್ಛ. ನಾನು ಹೋದದ್ದು, ನಾನು ಬಂದದ್ದು, ಅಷ್ಟೇ ಸಾಲು. ಅಂಗಡಿಯಲ್ಲಿ ನೆಮ್ಮದಿಯಿಂದ ಕೆಲಸ ಮಾಡುತ್ತಿದ್ದೇನೆ, ಒಂದು ಗಾಜೂ ಬಿರುಕು ಬಿಟ್ಟಿಲ್ಲ.

ತಂಗಿ ತುಂಬ ಮೆತ್ತಗಾಗಿದ್ದಾಳೆ. ಎಲ್ಲವನ್ನೂ ಕೇಳಿ ಮಾಡುತ್ತಾಳೆ. ಅಕ್ಕಾ, ಸ್ನಾನಕ್ಕೆ ಹೋಗ್ಲಾ. ಅಕ್ಕಾ, ಫ್ಯಾನ್ ಹಾಕ್ಲಾ. ಇವತ್ತು ಹಾಲು ಉಕ್ಕುತ್ತಿತ್ತು, ಒಲೆ ಆರಿಸ್ಲಾ ಎಂದು ಕೇಳಿಕೊಂಡು ನಿಂತಿದ್ದಳು, ಅರ್ಧ ಹಾಲು ಚೆಲ್ಲಿಹೋಯಿತು. ಅದಕ್ಕೂ ಕೇಳಬೇಕೇನೆ ಎಂದು ನಕ್ಕೆ. ಊಟ ಅಷ್ಟಕ್ಕಷ್ಟೇ. ಸೆಕೆಗೆ ಯಾರಿಗೆ ಹಸಿವಾಗುತ್ತದೆ.

ಏಪ್ರಿಲ್ 3, ಸೋಮವಾರ

ಬ್ಯಾಟರಿ ಕಡಿಮೆ ಎಂದು ಪೆಟ್ಟಿಗೆ ಬೆಳಿಗ್ಗೆಯಿಂದ ಕೀಂ ಎನ್ನುತ್ತಿತ್ತು. ಹಿಂಬಾಗಿಲ ಸೆನ್ಸರಿನದ್ದು. ಹೊಸದು ಹಾಕಿದೆ.

ಏಪ್ರಿಲ್ 8, ಶನಿವಾರ

ಅಂಗಡಿಗೆ ಹೋಗುವಾಗ ಡ್ರಾಯಿಂಗ್ ಮೇಷ್ಟ್ರು ಗೇಟಿನ ಬಳಿ ತಡೆದರು. ನಿಮ್ಮ ತಂಗಿಗೆ ಹುಷಾರಿಲ್ಲವೇ ಎಂದು ಕೇಳಿದರು. ಯಾಕೆ ಎಂದೆ. ದಿನಾ ಹತ್ತು ಮುಕ್ಕಾಲಿಗೆ ಚಪ್ಪಲಿ ಹಾಕಿಕೊಂಡು ಕಿಟಕಿ ಹತ್ತಿರ ಬಂದು ನಿಲ್ಲುತ್ತಾರೆ, ಮಧ್ಯಾಹ್ನದವರೆಗೂ ಅಲ್ಲೇ ನಿಂತಿರುತ್ತಾರೆ, ಕೈ ಬೀಸಿದರೂ ನೋಡುವುದಿಲ್ಲ ಎಂದರು.

ಮನೆಯೊಳಗೆ ಚಪ್ಪಲಿ ಯಾಕೆ? ಮತ್ತೆ, ಈ ಮನುಷ್ಯ ದಿನಾ ಮಧ್ಯಾಹ್ನದವರೆಗೆ ನಮ್ಮ ಕಿಟಕಿಯನ್ನೇ ಯಾಕೆ ನೋಡುತ್ತಿರುತ್ತಾನೆ? ಕಳ್ಳತನವಾದ ದಿನ ಈತ ಎಲ್ಲಿದ್ದ ಎಂದು ಯಾರೂ ಕೇಳಿಲ್ಲ.

ಸಂಜೆ ಆ ಕಿಟಕಿಗೆ ದಪ್ಪ ಪರದೆ ಹಾಕಿದೆ.

ಏಪ್ರಿಲ್ 11, ಮಂಗಳವಾರ

ಕಳ್ಳ ಸಿಕ್ಕಿದ.

ಠಾಣೆಯಿಂದ ಮಧ್ಯಾಹ್ನ ಕರೆ ಬಂತು. ಹೋದೆ. ಮೇಜಿನ ಮೇಲೆ ಹದಿನಾಲ್ಕು ಮನೆಗಳ ಸಾಮಾನು ಹರವಿದ್ದರು. ಅಪ್ಪನ ಗಡಿಯಾರ ಇತ್ತು, ರೇಡಿಯೋ ಇತ್ತು. ಸರ ಕರಗಿಸಿಬಿಟ್ಟಿದ್ದಾನಂತೆ. ಪಕ್ಕದಲ್ಲಿ ಕೀಲಿಗಳ ಒಂದು ದೊಡ್ಡ ಗೊಂಚಲು, ನೂರಕ್ಕೂ ಹೆಚ್ಚಿರಬೇಕು. ಹಳೇ ಬೀಗಗಳಿಗೆ ಒಂದೊಂದೇ ಹಾಕಿ ತಿರುಗಿಸುತ್ತಾ ಹೋಗುವುದು, ಯಾವುದಾದರೂ ಒಂದು ಹೊಂದಿಕೊಳ್ಳುತ್ತದೆ. ದೂರದ ಯಾವುದೋ ಊರಿನವನು. ನಮ್ಮ ರಸ್ತೆಯ ಹೆಸರೂ ಅವನಿಗೆ ಗೊತ್ತಿಲ್ಲ. ಗೊತ್ತಿರೋರದ್ದೇ ಕೆಲಸ ಅಂದಿದ್ದಿರಲ್ಲ ಎಂದು ಆ ಕಾನ್‌ಸ್ಟೇಬಲನ್ನು ಕೇಳಿದೆ. ಅಂದಿದ್ನಾ ಎಂದು ತಲೆ ಕೆರೆದುಕೊಂಡ.

ಮನೆಗೆ ಬಂದು ಗಡಿಯಾರವನ್ನು ತಂಗಿಯ ಮುಂದೆ ಇಟ್ಟೆ. ನಡೆದದ್ದೆಲ್ಲ ಹೇಳಿದೆ. ಅವಳು ಗಡಿಯಾರ ಮುಟ್ಟಲಿಲ್ಲ.

"ಹಂಗಾದ್ರೆ ನಾನಲ್ಲ ಅಂತ ಆಯ್ತಾ ಅಕ್ಕಾ?"

"ನೀನು ಅಂತ ಯಾರೇ ಅಂದ್ರು?"

"ಯಾರೂ ಅನ್ನಲಿಲ್ಲ" ಎಂದಳು. ಪೆಟ್ಟಿಗೆಯ ಕಡೆ ನೋಡಿ, "ಕೋಡ್ ಹಾಕಿ ಕೊಡ್ತೀಯಾ?" ಎಂದು ಕೇಳಿದಳು.

ಕೊಡೋಣ, ಅದಕ್ಕೇನು ಎಂದೆ. ಆದರೆ ಹೊಸ ಕೋಡ್ ಸೇರಿಸುವ ಪುಟ ಹುಡುಕಬೇಕು, ಈಗ ಸುಸ್ತಾಗಿದೆ, ಭಾನುವಾರ ಸಾವಕಾಶವಾಗಿ ಮಾಡಿದರಾಯಿತು. ನಿಜ ಹೇಳಬೇಕೆಂದರೆ ಅವಸರವೂ ಇಲ್ಲ. ಒಬ್ಬ ಕಳ್ಳ ಸಿಕ್ಕಿದ, ಸರಿ. ಲೋಕದಲ್ಲಿ ಇರುವವನು ಅವನೊಬ್ಬನೇ ಅಲ್ಲವಲ್ಲ. ಆ ಕೀಲಿ ಎಲ್ಲಿ ಹೋಯಿತು ಎನ್ನುವುದಕ್ಕೂ ಇನ್ನೂ ಉತ್ತರ ಸಿಕ್ಕಿಲ್ಲ.

ಏಪ್ರಿಲ್ 12, ಬುಧವಾರ

ತಂಗಿ ಹೋದಳು.

11.05ಕ್ಕೆ ಫೋನ್. ಮುಂಬಾಗಿಲು. ಮನೆಗೆ ಕರೆ ಮಾಡಿದರೆ ಯಾರೂ ಎತ್ತಲಿಲ್ಲ. ಮತ್ತೆ ಕಳ್ಳ ನುಗ್ಗಿದ್ದಾನೆ, ಅವಳೊಬ್ಬಳೇ ಇದ್ದಾಳೆ ಎಂದು ಆಟೋ ಹಿಡಿದೆ. ನಮ್ಮ ರಸ್ತೆ ತಿರುಗುವಾಗಲೇ ಸೈರನ್ ಕೇಳುತ್ತಿತ್ತು. ಬಾಗಿಲು ಹಾರುಹೊಡೆದಿತ್ತು. ಮನೆ ಮುಂದೆ ಏಳೆಂಟು ಜನ ಕಿವಿ ಮುಚ್ಚಿಕೊಂಡು ನಿಂತಿದ್ದರು. ಒಳಗೆ ಹೋಗಿ ಆರಿಸಿದೆ. ಎಲ್ಲ ಕೋಣೆ ನೋಡಿದೆ, ಹೆಸರು ಹಿಡಿದು ಕೂಗಿದೆ. ಅವಳ ಚೀಲ ಇರಲಿಲ್ಲ. ಅಪ್ಪನ ಗಡಿಯಾರ ಇಟ್ಟಲ್ಲೇ ಇತ್ತು.

ಮೇಷ್ಟ್ರು ಒಳಗೆ ಬರಲಿಲ್ಲ, ಹೊಸ್ತಿಲಾಚೆಯೇ ನಿಂತು ಮಾತಾಡಿದರು. "ನಿಮ್ಮ ತಂಗಿ ಹೋದ್ರು. ಓಡಲಿಲ್ಲ, ನಡ್ಕೊಂಡೇ ಹೋದ್ರು. ಅಷ್ಟು ಸದ್ದಲ್ಲೂ ಒಂದ್ಸಲ ಹಿಂದೆ ತಿರುಗಿ ನೋಡಲಿಲ್ಲ. ನನ್ನ ಹತ್ರ ಬಂದು ಕಿವೀಲಿ ಹೇಳಿದ್ರು, ಏನೂ ಕಳುವಾಗಿಲ್ಲ ಅಂತ ಅಕ್ಕನಿಗೆ ಹೇಳಿ ಅಂತ."

ಪೆಟ್ಟಿಗೆಯ ನೆನಪು ತೆಗೆದು ನೋಡಿದೆ. 11.05, ಮುಂಬಾಗಿಲು. ಕೋಡ್ ಒತ್ತಲು ಪ್ರಯತ್ನಿಸಿಯೂ ಇಲ್ಲ.

ಏಪ್ರಿಲ್ 13

ಅವಳ ಗಂಡನಿಗೆ ಫೋನ್ ಮಾಡಿದೆ. ನನ್ನ ದನಿ ಕೇಳಿದ್ದೇ ತಡ, "ನಿಮ್ಮ ಮನೆಯಿಂದಾನೂ ಹೋದ್ಲಾ?" ಎಂದ. ಅದರಲ್ಲಿ ಒಂದು ಖುಷಿ ಇತ್ತು. "ಅವಳನ್ನ ಹೊರಗೆ ಬಿಟ್ಟರೆ ಆಗಲ್ಲ ಅಂತ ಆಗಲೇ ಹೇಳಬೇಕಿತ್ತು ನಿಮಗೆ. ನಾನು ಅದಕ್ಕೇ ಹೊರಗಿಂದ ಬೀಗ ಹಾಕ್ಕೊಂಡು ಕೆಲಸಕ್ಕೆ ಹೋಗ್ತಿದ್ದೆ. ಈಗ ನಿಮಗೂ ಅರ್ಥ ಆಯ್ತಲ್ಲ."

ಫೋನ್ ಇಟ್ಟೆ. ಅವನು ನನ್ನೊಡನೆ ಮಾತಾಡಿದ್ದು ಅವನ ಪಕ್ಷದವರೊಡನೆ ಮಾತಾಡುವ ಹಾಗೆ.

ಏಪ್ರಿಲ್ 16, ಭಾನುವಾರ

ತಂಗಿ ನಿನ್ನೆ ಅಂಗಡಿಗೆ ಫೋನ್ ಮಾಡಿದ್ದಳು. ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲಿನಲ್ಲಿ ಇದ್ದಾಳೆ. ಆ ನರ್ಸರಿಯಲ್ಲಿ ಕೆಲಸ ಸಿಕ್ಕಿದೆ. ನಾನು ಅವಳ ಹಿಂದೆ ಛತ್ರಿ ಹಿಡಿದು ನಿಂತಿದ್ದ ದಿನವೇ ಕೇಳಿ ಇಟ್ಟಿದ್ದಳಂತೆ. ಬರಲಾ ಎಂದೆ. ಬಾ ಎಂದಳು.

ಎರಡನೇ ಮಹಡಿ, ಒಂದು ಮಂಚ, ಒಂದು ಮೇಜು. ಉಗುರಲ್ಲಿ ಮಣ್ಣು. ಮುಖಕ್ಕೆ ಬಿಸಿಲು ಹೊಡೆದಿದೆ. ಅವಳ ಗಂಡ ಫೋನಿನಲ್ಲಿ ಹೇಳಿದ್ದನ್ನು ಹೇಳಿದೆ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಾಚಿಕೆ ಅಕ್ಕಾ. ಹನ್ನೊಂದು ವರ್ಷ ಬೀಗದೊಳಗೆ ಕೂತಿದ್ದೆ ಅಂತ ಹೇಗೆ ಹೇಳೋದು? ನಿನ್ನ ಮನೆಗೆ ಬಂದ ಮೇಲೆ ದಿನಾ ಬಾಗಿಲು ತೆಗೆದು ಹೋಗ್ತಿದ್ದೆ, ಬರ್ತಿದ್ದೆ. ಎಲ್ಲಿಗೂ ಇಲ್ಲ. ಹೋಗೋಕಾಗುತ್ತಾ ಅಂತ ನೋಡೋಕೆ."

ಕೀಲಿಯ ಮಾತನ್ನು ಅವಳೇ ತೆಗೆದಳು. ಬಂದ ಹೊಸದರಲ್ಲಿ ಕೀಲಿ ಕೈಯಲ್ಲಿ ಹಿಡಿದರೆ ಅವನ ಬೀಗವೇ ನೆನಪಾಗುತ್ತಿತ್ತಂತೆ, ಒಂದು ದಿನ ಚರಂಡಿಗೆ ಎಸೆದುಬಿಟ್ಟಳಂತೆ.

ನಾನು ಮಾಡಿದ್ದು ನಿನ್ನ ಒಳ್ಳೆಯದಕ್ಕೇ ಎಂದು ಹೇಳಹೊರಟೆ. ಅರ್ಧಕ್ಕೇ ನಿಂತಿತು. ಆ ವಾಕ್ಯವನ್ನು ಅವಳು ಬೇರೆಯವರ ಬಾಯಲ್ಲಿ ಎಷ್ಟು ಸಲ ಕೇಳಿರಬೇಕು.

"ಅವನು ಬೀಗ ಹಾಕ್ತಿದ್ದ, ನೀನು ಸದ್ದು ಹಾಕಿದ್ದೆ" ಎಂದಳು. ಸಿಟ್ಟಿರಲಿಲ್ಲ. "ಬೀಗಕ್ಕಿಂತ ಸದ್ದು ವಾಸಿ ಅಕ್ಕಾ. ಹದಿನೈದು ದಿನ ಯೋಚನೆ ಮಾಡಿದೆ. ಕೂಗಿದ್ರೆ ಕೂಗಲಿ ಅನ್ನಿಸ್ತು."

ಮನೆಗೆ ಬಾ ಎಂದೆ. ಬರ್ತೀನಿ, ಊಟಕ್ಕೆ ಬರ್ತೀನಿ, ಇರೋಕೆ ಇನ್ನು ಆಗಲ್ಲ ಎಂದಳು.

ಏಪ್ರಿಲ್ 23, ಭಾನುವಾರ

ಮತ್ತೆ ಹಾಸ್ಟೆಲಿಗೆ ಹೋಗಿದ್ದೆ. ಅವಳ ಓದುವ ಕನ್ನಡಕದ ಕಾಲು ಸಡಿಲವಾಗಿತ್ತು, ಅಲ್ಲೇ ಕೂತು ಬಿಗಿ ಮಾಡಿಕೊಟ್ಟೆ. ಗುಲಾಬಿ ಕಸಿ ಕಟ್ಟುವುದನ್ನು ಕಲಿಯುತ್ತಿದ್ದಾಳಂತೆ. ಹತ್ತರಲ್ಲಿ ನಾಲ್ಕು ಸಾಯುತ್ತವೆ ಎಂದು ನಗುತ್ತಾ ಹೇಳಿದಳು.

ಈ ವಾರ ಪೆಟ್ಟಿಗೆಯ ನೆನಪು ಓದಿಲ್ಲ. ಓದಲು ಏನಿದೆ, ನಾನು ಹೋದದ್ದು, ನಾನು ಬಂದದ್ದು. ಮೇಷ್ಟ್ರನ್ನು ಕಂಡರೆ ತಲೆ ತಗ್ಗಿಸಿ ನಡೆಯುತ್ತೇನೆ. ಅವರು ಎಂದಿನಂತೆ ಮಾತಾಡಿಸುತ್ತಾರೆ.

ಹೊರಟಾಗ ಗೇಟಿನವರೆಗೆ ಬಂದಳು. ಆಮೇಲೆ ಬಸ್ ನಿಲ್ದಾಣದವರೆಗೂ ಬಂದಳು. ನಾಲ್ಕು ಗಂಟೆಯ ಬಿಸಿಲು ಚುರುಗುಟ್ಟುತ್ತಿತ್ತು. ಒಳಗೆ ಹೋಗು ಎನ್ನಲು ಬಾಯಿ ತೆರೆದವಳು ನಾಲಿಗೆ ಕಚ್ಚಿಕೊಂಡೆ. ಸ್ವಲ್ಪ ಹೊತ್ತು ಜೊತೆಗೆ ನಿಂತಿದ್ದು, "ಬರ್ತೀನಿ ಅಕ್ಕಾ" ಎಂದಳು. ಹೊರಟದ್ದು ಹಾಸ್ಟೆಲಿನ ಕಡೆಗಲ್ಲ. ರಸ್ತೆ ದಾಟಿ, ಆಚೆ ಬದಿಯ ಓಣಿಯೊಳಗೆ ಇಳಿದಳು.

ಆ ಓಣಿ ಎಲ್ಲಿಗೆ ಹೋಗುತ್ತದೋ ನನಗೆ ಗೊತ್ತಿಲ್ಲ. ಅವಳಿಗೆ ಅಲ್ಲೇನು ಕೆಲಸ, ಯಾರಿದ್ದಾರೆ, ಎಷ್ಟು ಹೊತ್ತಿಗೆ ಬರುತ್ತಾಳೆ? ಕೂಗಿ ಕರೆದರೆ ಕೇಳಿಸುವಷ್ಟು ಹತ್ತಿರದಲ್ಲೇ ಇದ್ದಳು. ಬಸ್ಸು ಬಂತು. ಹತ್ತಿ, ಆ ಓಣಿ ಕಾಣದ ಬದಿಯಲ್ಲಿ ಕೂತೆ.